ಬಿಟ್ಟಿ ಪಾಠ ಮತ್ತು ಕೆಂಪು ಶಾಯಿ

ಕಳೆದ ತಿಂಗಳು ಬಂಧುಗಳ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಎಂದಿನಂತೆ ನನ್ನ ಕೊರಳಿನಲ್ಲಿ ಕ್ಯಾಮೆರಾ ನೇತಾಡುತ್ತಿತ್ತು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ನನ್ನ ಸೋದರಳಿಯ, “ಇದನ್ನೆಲ್ಲ ಎಲ್ಲಿ ಕಲಿತಿರಿ ಮಾವ?” ಎಂದು ಕೇಳಿದ. ಅಂತರಜಾಲದಲ್ಲಿ ಉಚಿತವಾಗಿ ನೇರಪ್ರಸಾರವಾಗುತ್ತಿದ್ದ ಕಾರ್ಯಾಗಾರಗಳಲ್ಲಿ ಎಂದೆ. ಅವನು ನಕ್ಕು, “ಬಿಟ್ಟಿ ಪಾಠದಿಂದ ಯಾರಾದರೂ ಕಲಿತದ್ದುಂಟೇ? ಕೈಯಿಂದ ದುಡ್ಡು ಹೋದರೆ ಮಾತ್ರ ಮನುಷ್ಯ ಕಿವಿಗೊಟ್ಟು ಕೇಳುತ್ತಾನೆ” ಎಂದ. ಎದುರು ಸಾಲಿನಲ್ಲಿದ್ದ ಅವನ ಮಗಳು, ಕಾಲೇಜಿನಲ್ಲಿ ಓದುವವಳು, ಅದಕ್ಕೆ ತದ್ವಿರುದ್ಧವಾಗಿ, “ಈಗ ಎಲ್ಲವೂ ನೆಟ್‌ನಲ್ಲಿ ಬಿಟ್ಟಿಯಾಗಿಯೇ ಸಿಗುತ್ತದೆ ತಾತ, ಮೇಷ್ಟ್ರುಗಳೇ ಬೇಕಾಗಿಲ್ಲ” ಎಂದಳು. ಅಷ್ಟರಲ್ಲಿ ಹೋಳಿಗೆ ಬಂದಿತು. ಮಾತು ಅಲ್ಲಿಗೇ ನಿಂತಿತು.

ಸರ್ಕಾರಿ ಪ್ರೌಢಶಾಲೆಯಲ್ಲಿ 36 ವರ್ಷ ಗಣಿತ ಮತ್ತು ವಿಜ್ಞಾನ ಕಲಿಸಿದವನಿಗೆ ಈ ಎರಡು ಮಾತುಗಳನ್ನು ನುಂಗಿಕೊಳ್ಳುವುದು ಕಷ್ಟವಾಯಿತು. ತಂದೆ, ಮಗಳು ಇಬ್ಬರ ಮಾತೂ ತಪ್ಪು ಎಂದು ನನ್ನ ಅಭಿಪ್ರಾಯ. ಏಕೆ ತಪ್ಪು ಎಂಬುದನ್ನು ಪಂಕ್ತಿಯಲ್ಲಿ ಕುಳಿತು ಹೇಳಲಾಗಲಿಲ್ಲ; ಇಲ್ಲಿ ಬರೆಯುತ್ತಿದ್ದೇನೆ. ಬರೆಯುತ್ತ ನನ್ನದೇ ಒಂದು ಹಳೆಯ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ನಾನು ನಿವೃತ್ತನಾದದ್ದು 2010ರಲ್ಲಿ. ಎರಡು ವರ್ಷಗಳ ತರುವಾಯ ಮಗ ತನ್ನ ಹಳೆಯ ನಿಕಾನ್ ಡಿ3100 ಕ್ಯಾಮೆರಾವನ್ನು ನನ್ನ ಕೈಗಿತ್ತು, “ಹೊತ್ತು ಹೋಗುತ್ತದೆ ಅಪ್ಪ” ಎಂದು ಹೇಳಿ ಬೆಂಗಳೂರಿಗೆ ಮರಳಿದ. ಎಲ್ಲವನ್ನೂ ಕ್ಯಾಮೆರಾಗೆ ಬಿಟ್ಟು ಗುಂಡಿ ಒತ್ತುವುದನ್ನು ಒಂದೇ ದಿನದಲ್ಲಿ ಕಲಿತೆ. ಆದರೆ ಅದರ ತಲೆಯ ಮೇಲಿದ್ದ ಚಕ್ರದಲ್ಲಿ ಬರೆದಿದ್ದ ಅಕ್ಷರಗಳು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ ಅಕ್ಷರ ಕಣ್ಣೆದುರಿಗಿದ್ದರೆ ಮೇಷ್ಟ್ರಿಗೆ ನಿದ್ರೆ ಬರುವುದಿಲ್ಲ. ಅಂತರಜಾಲದಲ್ಲಿ ಹುಡುಕುತ್ತಿದ್ದಾಗ ಕ್ರಿಯೇಟಿವ್‌ಲೈವ್ ಎಂಬ ತಾಣ ಕಣ್ಣಿಗೆ ಬಿತ್ತು.

ಅಮೆರಿಕದ ಸಿಯಾಟಲ್ ನಗರದಲ್ಲಿ ಚೇಸ್ ಜಾರ್ವಿಸ್ ಎಂಬ ಛಾಯಾಗ್ರಾಹಕರೂ ಕ್ರೇಗ್ ಸ್ವಾನ್ಸನ್ ಎಂಬುವರೂ ಸೇರಿ 2010ರಲ್ಲಿ ಅದನ್ನು ಆರಂಭಿಸಿದ್ದರು. (2021ರಲ್ಲಿ ಫೈವರ್ ಎಂಬ ಕಂಪನಿ ಅದನ್ನು ಕೊಂಡುಕೊಂಡಿತು.) ಆಗಿನ ಅದರ ಏರ್ಪಾಡು ನನಗೆ ಬಹಳ ಹಿಡಿಸಿತು. ಪಾಠ ನಡೆಯುತ್ತಿರುವಾಗಲೇ ನೋಡಿದರೆ ಶುಲ್ಕವಿಲ್ಲ. ಮುಗಿದ ಮೇಲೆ ಅದರ ಧ್ವನಿಚಿತ್ರವನ್ನು ಇಟ್ಟುಕೊಳ್ಳಬೇಕೆಂದರೆ ಹಣ ಕೊಡಬೇಕು. ಬೋಧಕರ ಮುಂದೆ ಬೆರಳೆಣಿಕೆಯ ವಿದ್ಯಾರ್ಥಿಗಳು ಕುಳಿತಿರುತ್ತಿದ್ದರು. ದೂರದಿಂದ ನೋಡುವವರು ಬರೆದು ಕಳಿಸಿದ ಪ್ರಶ್ನೆಗಳನ್ನು ನಿರೂಪಕರೊಬ್ಬರು ಓದಿ ಹೇಳುತ್ತಿದ್ದರು. ಸಿಯಾಟಲ್‌ನಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ನಮ್ಮ ಅರಸೀಕೆರೆಯಲ್ಲಿ ರಾತ್ರಿ ಒಂಬತ್ತೂವರೆ; ಅವರ ಚಳಿಗಾಲದಲ್ಲಿ ಹತ್ತೂವರೆ. ಊಟ ಮುಗಿಸಿ, ಮನೆಯವರೆಲ್ಲ ಮಲಗಿದ ಮೇಲೆ, ಮೊಮ್ಮಗಳ ಹಳೆಯ ನೋಟುಪುಸ್ತಕವೊಂದನ್ನು ಹಿಡಿದು ನಾನು ಗಣಕಯಂತ್ರದ ಮುಂದೆ ಕುಳಿತುಕೊಳ್ಳುತ್ತಿದ್ದೆ. ಮಳೆಗಾಲದಲ್ಲಿ ಸಂಪರ್ಕ ನಡುನಡುವೆ ಕಡಿದುಹೋಗುತ್ತಿತ್ತು. ಅಮೆರಿಕದವರ ಉಚ್ಚಾರ ಕಿವಿಗೆ ಹತ್ತಲು ಮೂರು ರಾತ್ರಿ ಬೇಕಾಯಿತು. ನನ್ನ ಹೆಂಡತಿ ನೀರು ಕುಡಿಯಲೆಂದು ಎದ್ದವಳು, “ಮಕ್ಕಳಿಗೆ ಹೇಳಿದ್ದು ಸಾಲದೆ ಈಗ ನೀವೂ ಓದಲು ಕುಳಿತಿರಾ?” ಎಂದು ಕೇಳಿ ಹೋಗಿ ಮಲಗುತ್ತಿದ್ದಳು.

ಹಾಗೆ ಕಲಿತದ್ದೇನು? ಒಂದೆರಡು ಸಂಗತಿಗಳನ್ನು ಹೇಳಿದರೆ ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು.

ಎಂಟನೆಯ ತರಗತಿಯವರಿಗೆ ರಟ್ಟಿನ ಪೆಟ್ಟಿಗೆ ಮತ್ತು ಎಣ್ಣೆ ಸವರಿದ ಕಾಗದದಿಂದ ಸೂಜಿರಂಧ್ರ ಕ್ಯಾಮೆರಾ ಮಾಡಿಸುತ್ತಿದ್ದೆನಷ್ಟೇ? ಕಿಟಕಿಯಾಚೆಯ ತೆಂಗಿನಮರ ಕಾಗದದ ಮೇಲೆ ತಲೆಕೆಳಗಾಗಿ ಕಂಡಾಗ ನೀವು ಕೂಗಿಕೊಳ್ಳುತ್ತಿದ್ದುದು ನನಗಿನ್ನೂ ನೆನಪಿದೆ. ಆ ರಂಧ್ರವನ್ನೇ ಹಿಗ್ಗಿಸುವ, ಕುಗ್ಗಿಸುವ ವ್ಯವಸ್ಥೆಗೆ ಅಪರ್ಚರ್ ಎಂದು ಹೆಸರು. ಅದರ ಅಳತೆಗಳು 2, 2.8, 4, 5.6, 8, 11, 16 ಎಂದು ಸಾಗುತ್ತವೆ. ಇದೆಂತಹ ಶ್ರೇಢಿ ಎಂದು ಮೊದಲು ತಲೆ ಕೆರೆದುಕೊಂಡೆ. ಒಂದು ರಾತ್ರಿ ಬೋಧಕರು, ಒಂದೊಂದು ಹೆಜ್ಜೆಗೂ ಬೆಳಕು ಅರ್ಧವಾಗುತ್ತದೆ ಎಂದರು. ಥಟ್ಟನೆ ಹೊಳೆಯಿತು. ಲೆನ್ಸಿನ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದಾಗ ಈ ಸಂಖ್ಯೆ ಬರುತ್ತದೆ. ಬೆಳಕು ಒಳಬರುವುದು ರಂಧ್ರದ ವಿಸ್ತೀರ್ಣಕ್ಕೆ ಅನುಗುಣವಾಗಿ. ವಿಸ್ತೀರ್ಣವಿರುವುದು ವ್ಯಾಸದ ವರ್ಗಕ್ಕೆ ಅನುಗುಣವಾಗಿ. ಆದ್ದರಿಂದ ಬೆಳಕು ಅರ್ಧವಾಗಬೇಕಾದರೆ ವ್ಯಾಸವನ್ನು ಎರಡರ ವರ್ಗಮೂಲದಿಂದ ಭಾಗಿಸಬೇಕು. 1.414! ನಾನು ಕಪ್ಪುಹಲಗೆಯ ಮೇಲೆ ಸಾವಿರ ಸಲ ಬರೆದ ಸಂಖ್ಯೆ ಆ ಕ್ಯಾಮೆರಾದ ಹೊಟ್ಟೆಯಲ್ಲಿ ಕುಳಿತಿತ್ತು. ಅಪರಾತ್ರಿಯಲ್ಲಿ ನಾನೊಬ್ಬನೇ ನಕ್ಕೆ.

ಇನ್ನೊಂದು, ಬೆಳಕಿನ ದಿಕ್ಕು. ನಮ್ಮೂರಿನ ಶಿವಾಲಯ ನಿಮಗೆಲ್ಲ ಗೊತ್ತು. ಹೊಯ್ಸಳರ ಕಾಲದ್ದು, 1220ರ ಸುಮಾರಿನದು. ನಕ್ಷತ್ರಾಕಾರದ ಅದರ ತೆರೆದ ಮಂಟಪದಲ್ಲಿ ನಾವು ಎಷ್ಟೋ ಸಲ ಪ್ರವಾಸದ ಬುತ್ತಿ ಬಿಚ್ಚಿದ್ದೇವೆ. ಅಷ್ಟು ವರ್ಷ ಅಲ್ಲಿಗೆ ಹೋಗುತ್ತಿದ್ದರೂ ಆ ಬಳಪದ ಕಲ್ಲಿನ ಕೆತ್ತನೆಗಳು ನಡುಮಧ್ಯಾಹ್ನ ಏಕೆ ಚಪ್ಪಟೆಯಾಗಿ ಕಾಣುತ್ತವೆ, ಬೆಳಿಗ್ಗೆ ಏಕೆ ಎದ್ದು ಬರುತ್ತವೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಓರೆಯಾಗಿ ಬೀಳುವ ಬೆಳಕು ಪ್ರತಿಯೊಂದು ಉಬ್ಬಿಗೂ ಒಂದು ನೆರಳನ್ನು ಕೊಡುತ್ತದೆ. ನೆರಳಿಲ್ಲದಿದ್ದರೆ ಉಬ್ಬೂ ಇಲ್ಲ. ಬೆಳಕಿನ ಪಾಠವನ್ನು ಮೂರೂವರೆ ದಶಕ ಮಾಡಿದ ನಾನು ನೆರಳಿನ ಪಾಠವನ್ನು ನಿವೃತ್ತನಾದ ಮೇಲೆ ಕಲಿತೆ. ಇದಕ್ಕಾಗಿ ನಾನು ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲ.

ಹಾಗಾದರೆ ಬಿಟ್ಟಿ ಪಾಠಕ್ಕೆ ಬೆಲೆಯಿಲ್ಲ ಎಂಬ ಮಾತಿಗೆ ಏನು ಹೇಳಬೇಕು? ನಮ್ಮ ತಂದೆಯವರು ಓದಿದ್ದು ವಾರಾನ್ನದ ಮೇಲೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅನ್ನವೂ ಬಿಟ್ಟಿ, ವಿದ್ಯೆಯೂ ಬಿಟ್ಟಿ. ನಾನು ಕಲಿಸಿದ ಶಾಲೆಯಲ್ಲೂ ಮಕ್ಕಳ ಕಿಸೆಯಿಂದ ಹೇಳಿಕೊಳ್ಳುವಂತಹ ಶುಲ್ಕ ಬರುತ್ತಿರಲಿಲ್ಲ. ಇದನ್ನು ಓದುತ್ತಿರುವ ಎಂಜಿನಿಯರುಗಳೂ ವೈದ್ಯರೂ ಅಧ್ಯಾಪಕರೂ ಆ ಬೆಂಚುಗಳಿಂದಲೇ ಎದ್ದು ಹೋದವರು. ಆದ್ದರಿಂದ ಸೋದರಳಿಯನ ಮಾತನ್ನು ಒಪ್ಪಿದರೆ ನಾನು ನಿಮ್ಮೆಲ್ಲರನ್ನೂ ಅಲ್ಲಗಳೆದಂತೆ.

ಆದರೂ ಅವನ ಮಾತಿನಲ್ಲಿ ಒಂದೆಳೆ ಸತ್ಯವಿದೆ. ಮನಸ್ಸನ್ನು ಕಟ್ಟಿಹಾಕಲು ಏನಾದರೊಂದು ಬೇಕು. ಅದು ಹಣವೇ ಆಗಬೇಕಿಲ್ಲ, ಗಂಟೆಯೂ ಆಗಬಹುದು. ನೇರಪ್ರಸಾರದ ಗುಣವಿರುವುದು ಇಲ್ಲಿಯೇ. ನಾನು ನಿದ್ರೆ ಹೋದರೆ ಪಾಠ ನನಗಾಗಿ ಕಾಯುವುದಿಲ್ಲ. ಈಗ ಕಳೆದುಕೊಂಡರೆ ಕಳೆದುಕೊಂಡದ್ದೇ ಎಂಬ ಭಯದಿಂದ ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಬೇಕೆಂದಾಗ ನೋಡಬಹುದಾದ ಪಾಠಗಳು ಈಗ ಯೂಟ್ಯೂಬಿನಲ್ಲಿ ಲೆಕ್ಕವಿಲ್ಲದಷ್ಟಿವೆ. “ನಂತರ ನೋಡೋಣ” ಎಂದು ನಾನು ಗುರುತು ಹಾಕಿಟ್ಟದ್ದರಲ್ಲಿ ಕಾಲು ಭಾಗವನ್ನೂ ನೋಡಿಲ್ಲ. ಆದರೆ ಅಂದಿನ ನಿದ್ರೆಗೆಟ್ಟ ರಾತ್ರಿಗಳ ಮೂರು ನೋಟುಪುಸ್ತಕಗಳು ಇಂದಿಗೂ ನನ್ನ ಕಪಾಟಿನಲ್ಲಿವೆ.

ಇನ್ನು ಸೋದರಳಿಯನ ಮಗಳ ಮಾತು: ಎಲ್ಲವೂ ಸಿಗುವಾಗ ಮೇಷ್ಟ್ರು ಏಕೆ? ಒಂದು ವರ್ಷ ಕಾಲ ನನಗೂ ಹಾಗೆಯೇ ಅನ್ನಿಸಿತ್ತು. ಅಪರ್ಚರ್, ಷಟರ್, ಐಎಸ್‌ಒ ಎಲ್ಲವೂ ಕರತಲಾಮಲಕವಾಗಿದ್ದವು. ಆದರೂ ನನ್ನ ಚಿತ್ರಗಳಲ್ಲಿ ಏನೋ ಕೊರತೆಯಿತ್ತು. ಏನೆಂದು ನನಗೆ ತಿಳಿಯುತ್ತಿರಲಿಲ್ಲ. ಕಾರ್ಯಾಗಾರಗಳಲ್ಲಿ ಕೆಲವೊಮ್ಮೆ ವೀಕ್ಷಕರು ಕಳಿಸಿದ ಚಿತ್ರಗಳನ್ನು ಬೋಧಕರು ವಿಮರ್ಶಿಸುವುದುಂಟು. ನಾನೂ ಕಳಿಸಿದೆ. ಜಗತ್ತಿನ ಮೂಲೆಮೂಲೆಯಿಂದ ಬಂದ ಚಿತ್ರಗಳ ರಾಶಿಯಲ್ಲಿ ನನ್ನದರ ಸರದಿ ಬರಲಿಲ್ಲ. ಅದು ಅವರ ತಪ್ಪಲ್ಲ. ಮಾತನ್ನು ಎಷ್ಟು ಜನರಿಗೆ ಬೇಕಾದರೂ ಒಂದೇ ಸಲಕ್ಕೆ ಹಂಚಬಹುದು. ಕಣ್ಣನ್ನು ಹಾಗೆ ಹಂಚಲಾಗದು. ಒಂದು ಪುಸ್ತಕ ತಿದ್ದುವಾಗ ಮೇಷ್ಟ್ರು ಆ ಒಬ್ಬ ಹುಡುಗನಿಗೆ ಮಾತ್ರ ಮೇಷ್ಟ್ರು. ನಾನು ಅಷ್ಟು ವರ್ಷ ಮಾಡಿದ ಕೆಲಸದ ತಿರುಳು ಪಾಠ ಹೇಳುವುದರಲ್ಲಿ ಇರಲಿಲ್ಲ, ರಾತ್ರಿ ಕುಳಿತು ಕೆಂಪು ಶಾಯಿಯಿಂದ ತಿದ್ದುತ್ತಿದ್ದ ಆ ಪುಸ್ತಕಗಳ ಕಟ್ಟಿನಲ್ಲಿತ್ತು ಎಂಬುದು ತಿದ್ದುವವರಿಲ್ಲದೆ ಒದ್ದಾಡುವಾಗ ನನಗೆ ಅರಿವಾಯಿತು.

ಈಗ ನನ್ನ ತಪ್ಪಿನ ಕಥೆ.

1987ನೆಯ ಇಸವಿ. ಹತ್ತನೆಯ ತರಗತಿಯ ಒಬ್ಬ ಹುಡುಗ ಮಧ್ಯಾಹ್ನದ ಮೇಲೆ ಶಾಲೆಗೆ ಬರುತ್ತಿರಲಿಲ್ಲ. ಹೆಸರು ಬರೆಯುವುದಿಲ್ಲ, ಅವನಿಗೆ ಅದು ಇಷ್ಟವಾಗದು. ವಿಚಾರಿಸಿದಾಗ, ಫೋಟೋ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡುತ್ತಾನೆಂದು ತಿಳಿಯಿತು. ಹುಡುಕಿಕೊಂಡು ಹೋದೆ. ಕೆಂಪು ದೀಪದ ಕತ್ತಲೆ ಕೋಣೆಯಿಂದ ಒದ್ದೆ ಕೈಗಳನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದ. ಕೈಯಿಂದ ರಾಸಾಯನಿಕಗಳ ವಾಸನೆ ಬರುತ್ತಿತ್ತು. ಮಾಲೀಕರ ಎದುರಿಗೇ ನಾನು, “ಗಣಿತ ಬರುವುದಿಲ್ಲ, ಫೋಟೋ ತೊಳೆಯುವುದು ಬರುತ್ತದೆ! ಇದೂ ಒಂದು ವಿದ್ಯೆಯೇನೋ?” ಎಂದು ಗದರಿಸಿದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಆ ವರ್ಷ ಗಣಿತವೊಂದನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲಿ ತೇರ್ಗಡೆಯಾದ. ಮತ್ತೆ ಪರೀಕ್ಷೆಗೆ ಕೂರಲಿಲ್ಲ. ರಸ್ತೆಯಲ್ಲಿ ನಾನು ಎದುರಾದರೆ ಆಚೆ ಬದಿಗೆ ಸರಿದು ಹೋಗುತ್ತಿದ್ದ.

2013ರಲ್ಲಿ ನನ್ನ ಹನ್ನೆರಡು ಚಿತ್ರಗಳನ್ನು ಮುದ್ರಿಸಿಕೊಳ್ಳಲು ಊರಿನ ಸ್ಟುಡಿಯೋ ಒಂದಕ್ಕೆ ಹೋದೆ. ಗಲ್ಲಾದ ಹಿಂದೆ ಅವನೇ ಕುಳಿತಿದ್ದ; ಈಗ ಅದು ಅವನದೇ ಅಂಗಡಿ. ಎದ್ದು ನಿಂತು, “ಕೂತ್ಕಳಿ ಮೇಷ್ಟ್ರೇ” ಎಂದು ಸ್ಟೂಲು ಎಳೆದು ಕೊಟ್ಟ. ಮುದ್ರಣವಾದ ಮೇಲೆ ಹನ್ನೆರಡನ್ನೂ ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದ. ಏನನ್ನೋ ಹೇಳಲು ಹೋಗಿ ನುಂಗಿಕೊಂಡ. “ಹೇಳಪ್ಪ, ತಪ್ಪಿದ್ದರೆ ಹೇಳು” ಎಂದೆ. “ಬೇಜಾರು ಮಾಡ್ಕಬಾರ್ದು” ಎನ್ನುತ್ತ ಕೆಂಪು ಪೆನ್ನನ್ನು ಕೈಗೆತ್ತಿಕೊಂಡ.

ಶಿವಾಲಯದ ಕಂಬದ ಚಿತ್ರದಲ್ಲಿ ಹಿಂದಿನ ಬಿಸಿಲನ್ನು ಸುತ್ತುಹಾಕಿ, “ಇಲ್ಲಿ ಬೆಳ್ಳಗೆ ಸುಟ್ಟೋಗಿದೆ. ಒಳಗಿನ ಕತ್ಲೆ, ಹೊರಗಿನ ಬಿಸ್ಲು ಎರಡನ್ನೂ ಒಟ್ಟಿಗೆ ಹಿಡಿಯೋಕಾಗಲ್ಲ. ಬಿಸ್ಲು ಏರೋ ಮುಂಚೆ ಹೋಗಿ” ಎಂದ. ಆಮೇಲೆ ನನ್ನ ಹೆಂಡತಿಯ ಚಿತ್ರಕ್ಕೆ ಬಂದ. ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ, ಕಾರ್ಯಾಗಾರದಲ್ಲಿ ಹೇಳಿಕೊಟ್ಟಂತೆಯೇ, ಮುಖದ ಒಂದು ಪಾರ್ಶ್ವಕ್ಕೆ ಮಾತ್ರ ಬೆಳಕು ಬೀಳುವಂತೆ ತೆಗೆದದ್ದು. ನನಗೆ ಹೆಮ್ಮೆಯಿದ್ದ ಚಿತ್ರ. ಅದರ ಮೇಲೆ ಅವನು ಗೆರೆ ಎಳೆಯಲಿಲ್ಲ. “ಬೆಳಕು ಸರಿಯಾಗಿದೆ ಮೇಷ್ಟ್ರೇ. ಆದ್ರೆ ಅಮ್ಮೋರು ಇದು ಯಾವಾಗ ಮುಗೀತದೋ ಅಂತ ಕಾಯ್ತಾ ಕೂತವ್ರೆ. ನೀವು ಕ್ಯಾಮೆರಾನ ನೋಡ್ತಿದ್ರಿ, ಅವ್ರನ್ನ ನೋಡ್ತಿರ್ಲಿಲ್ಲ” ಎಂದ.

ನೂರು ರಾತ್ರಿಗಳ ಪಾಠದಲ್ಲಿ ಯಾರೂ ನನಗೆ ಹೇಳದ ಮಾತು ಅದು. ಹೇಳಲು ಸಾಧ್ಯವೂ ಇರಲಿಲ್ಲ. ಆ ಚಿತ್ರವನ್ನು ಅವರು ನೋಡಿರಲಿಲ್ಲ, ನನ್ನ ಹೆಂಡತಿಯನ್ನೂ ಬಲ್ಲವರಲ್ಲ.

ಮಾತಿಗೆ ಮಾತು ಬೆಳೆದು ಅವನು ಬೀರುವಿನಿಂದ ಹಳೆಯ ಯಾಷಿಕಾ ಕ್ಯಾಮೆರಾವನ್ನು ತೆಗೆದು ತೋರಿಸಿದ. ಅಂದಿನ ಮಾಲೀಕರು ಕೊಟ್ಟದ್ದಂತೆ. ಒಂದು ರೋಲಿಗೆ ಹನ್ನೆರಡೇ ಚಿತ್ರ. “ನಾಕು, ಐದು ಆರು, ಎಂಟು, ಹನ್ನೊಂದು, ಹದಿನಾರು. ಒಂದೊಂದು ಮನೆ ದಾಟಿದ್ರೆ ಬೆಳಕು ಅರ್ಧ. ಇದನ್ನ ಆ ವಯಸ್ಸಿನಲ್ಲೇ ಬಾಯಿಪಾಠ ಮಾಡಿದ್ದೆ” ಎಂದ. ನಾನು ಒಂದು ಬಿಲ್ಲಿನ ಹಿಂಬದಿಯಲ್ಲಿ ಎರಡರ ವರ್ಗಮೂಲದ ಲೆಕ್ಕ ಮಾಡಿ ತೋರಿಸಿದೆ. ಅವನು ನೋಡಿ, “ಇದೇನಾ ಮೇಷ್ಟ್ರೇ ಆ ರೂಟ್ ಟು?” ಎಂದು ಗಟ್ಟಿಯಾಗಿ ನಕ್ಕ. ನನಗೆ ನಗಲಾಗಲಿಲ್ಲ. ನಾನು ಅವನಿಗೆ ಕಲಿಸಲಾಗದೆ ಹೋದ ಗಣಿತ ಅವನ ಕೈಯಲ್ಲಿ ಅಂದೇ ಇತ್ತು. ಆ ಸ್ಟುಡಿಯೋಗೆ ಹೋದ ದಿನ ಗದರಿಸುವ ಬದಲು ಕ್ಯಾಮೆರಾವನ್ನೊಮ್ಮೆ ನೋಡಿದ್ದರೆ ಅವನು ತೇರ್ಗಡೆಯಾಗುತ್ತಿದ್ದ. “ಅವತ್ತು ನಾನು ಹಾಗೆ ಹೇಳಬಾರದಿತ್ತು” ಎಂದೆ. ಅವನು ಚಿತ್ರಗಳನ್ನು ಲಕೋಟೆಗೆ ತುಂಬುತ್ತ, “ಟೀ ತರಿಸ್ಲಾ ಮೇಷ್ಟ್ರೇ?” ಎಂದ.

ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಕೊಡುಕೊಳ್ಳುವಿಕೆ ನಡೆದುಬಂದಿದೆ. ನಾನು ಚಿತ್ರಗಳನ್ನು ಒಯ್ಯುತ್ತೇನೆ, ಅವನು ತಿದ್ದುತ್ತಾನೆ. ಆ ಉಚಿತ ಕಾರ್ಯಾಗಾರಗಳ ವಿಷಯ ಅವನಿಗೂ ತಿಳಿದಿತ್ತು; ಒಮ್ಮೆ ನೋಡಿಯೂ ಇದ್ದ. “ಇಂಗ್ಲಿಷು ಕಿವಿ ಮೇಲೆ ಹೊಳೆ ಹರ್ದಂಗೆ ಹೋಯ್ತು” ಎಂದಿದ್ದ. ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ನಾವು ಹೇಳುತ್ತೇವೆ. ಹೊಸ್ತಿಲು ಎಷ್ಟು ಎತ್ತರವಿದೆ ಎಂದು ನೋಡುವುದಿಲ್ಲ. ನಾನು ನನ್ನ ಮೂರು ನೋಟುಪುಸ್ತಕಗಳನ್ನು ಕನ್ನಡಕ್ಕೆ ಇಳಿಸಿ ಅವನಿಗೆ ಕೊಟ್ಟೆ. ಫ್ಲ್ಯಾಷನ್ನು ಕ್ಯಾಮೆರಾದಿಂದ ಬೇರ್ಪಡಿಸಿ ಪಕ್ಕದಿಂದ ಹಾಯಿಸುವ ಕ್ರಮವನ್ನು ಓದಿಕೊಂಡು ಮುಂದಿನ ಮದುವೆಯಲ್ಲಿಯೇ ಅವನು ಅದನ್ನು ಪ್ರಯೋಗಿಸಿದ.

2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂದು ಮದುವೆಗಳು ನಿಂತುಹೋದವು. ಅವನ ಕೈಗೆ ಕೆಲಸವಿಲ್ಲದಾಯಿತು. ಜೂಮ್‌ನಲ್ಲಿ ಒಂದು ತರಗತಿ ನಡೆಸು ಎಂದು ನಾನು ದುಂಬಾಲು ಬಿದ್ದೆ. “ನಾನು ಎಸ್‌ಎಸ್‌ಎಲ್‌ಸಿ ಫೇಲು ಮೇಷ್ಟ್ರೇ” ಎಂದ. “ಫೇಲು ಮಾಡಿದವನೇ ಕರೆಯುತ್ತಿದ್ದೇನೆ” ಎಂದೆ. ಭಾನುವಾರದ ಬೆಳಿಗ್ಗೆಗಳಲ್ಲಿ ಒಂಬತ್ತು ಜನ ಸೇರಿದೆವು; ನಿಮ್ಮಲ್ಲಿ ಕೆಲವರು ಅಲ್ಲಿದ್ದಿರಿ. ಹಣ ಕೊಡದವರ ಸಭೆಯನ್ನು ಜೂಮ್ 40 ನಿಮಿಷಕ್ಕೆ ತಾನೇ ಮುಚ್ಚಿಬಿಡುತ್ತಿತ್ತು. ಅದು ನಮಗೆ ಶಾಲೆಯ ಗಂಟೆಯಾಯಿತು. ಒಬ್ಬೊಬ್ಬರದು ಒಂದೊಂದೇ ಚಿತ್ರ, ಒಂದು ಚಿತ್ರಕ್ಕೆ ನಾಲ್ಕು ನಿಮಿಷ, ಒಟ್ಟು ಮೂವತ್ತಾರು. ಉಳಿದ ನಾಲ್ಕು ನಿಮಿಷ ಕುಶಲೋಪರಿಗೆ. ಅವನು ಉಪನ್ಯಾಸ ಮಾಡಲೇ ಇಲ್ಲ. ಚಿತ್ರ ನೋಡಿ, ಕಂಡದ್ದನ್ನು ಹೇಳುತ್ತಿದ್ದ. ಹಾಜರಿ ಪಟ್ಟಿಯಲ್ಲಿ ನನ್ನ ಹೆಸರು ಕೊನೆಯದು. ಮದುವೆಗಳು ಮತ್ತೆ ಆರಂಭವಾಗುವವರೆಗೆ ತರಗತಿ ನಡೆಯಿತು.

ಇದೇನೂ ಹೊಸ ಪದ್ಧತಿಯಲ್ಲ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ (1932–2017) ಅವರು ಓ.ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಮಾರ್ಗದರ್ಶನದಲ್ಲಿ ಪಳಗಿದವರು. ಮುಂದೆ ತಾವೂ ಅನೇಕ ಕಿರಿಯರಿಗೆ ದಾರಿ ತೋರಿದರು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಘಗಳ ಜೀವಾಳವೂ ಇದೇ: ಒಬ್ಬರು ತೆಗೆದದ್ದನ್ನು ಇನ್ನೊಬ್ಬರು ನೋಡಿ ಹೇಳುವುದು. ಅಂತರಜಾಲ ಬಂದು ಪಾಠವನ್ನು ಅಗ್ಗ ಮಾಡಿತು. ಅದಕ್ಕೆ ನಾನು ಋಣಿ. ಆದರೆ ತಿದ್ದುವುದು ಹಿಂದೆ ಎಷ್ಟು ದುಬಾರಿಯಾಗಿತ್ತೋ ಇಂದೂ ಅಷ್ಟೇ ದುಬಾರಿ. ಅದಕ್ಕೆ ಒಬ್ಬ ಮನುಷ್ಯನ ಹೊತ್ತು ಬೇಕು.

ಆದ್ದರಿಂದ ಸೋದರಳಿಯನಿಗೆ ನನ್ನ ಉತ್ತರ: ಬಿಟ್ಟಿ ಪಾಠದಿಂದ ಖಂಡಿತ ಕಲಿಯಬಹುದು, ನಿದ್ರೆಯನ್ನೋ ಬೆವರನ್ನೋ ಶುಲ್ಕವಾಗಿ ಕೊಡುವುದಾದರೆ. ಅವನ ಮಗಳಿಗೆ ಉತ್ತರ: ಎಲ್ಲವೂ ನೆಟ್‌ನಲ್ಲಿದೆ ಮಗು, ನಿನ್ನ ತಪ್ಪೊಂದನ್ನು ಬಿಟ್ಟು. ಅದನ್ನು ಹುಡುಕಿಕೊಡಲು ನಿನ್ನನ್ನು ಬಲ್ಲ ಒಬ್ಬರು ಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ನಿಮಗೆ ಯಾವುದಾದರೊಂದು ಕಸುಬು ಚೆನ್ನಾಗಿ ಗೊತ್ತಿರುತ್ತದೆ: ಲೆಕ್ಕಪತ್ರ, ಹೊಲಿಗೆ, ತೋಟಗಾರಿಕೆ, ಕಂಪ್ಯೂಟರು. ವಾರಕ್ಕೆ ಒಂದು ಗಂಟೆ, ಕನ್ನಡದಲ್ಲಿ, ಎಂಟು ಹತ್ತು ಜನರಿಗೆ, ನೇರವಾಗಿ ಹೇಳಿಕೊಡಿ. ಸಾವಿರಾರು ಜನ ನೋಡಲಿ ಎಂಬ ಆಸೆ ಬೇಡ. ಅವರು ಮಾಡಿ ತಂದದ್ದನ್ನು ಕಣ್ಣಿಟ್ಟು ನೋಡಿ. ಯಾವ ಹುಡುಗನನ್ನೂ “ಇದೂ ಒಂದು ವಿದ್ಯೆಯೇ” ಎಂದು ಮಾತ್ರ ಕೇಳಬೇಡಿ. ನಾನು ಕೇಳಿದ್ದೆ, ಉತ್ತರ ಬರಲು 26 ವರ್ಷ ಹಿಡಿಯಿತು.

ಮದುವೆಯ ಹಂಗಾಮು ಮುಗಿದ ಮೇಲೆ ಭಾನುವಾರದ ತರಗತಿಯನ್ನು ಮತ್ತೆ ಆರಂಭಿಸಲು ಅವನು ಒಪ್ಪಿದ್ದಾನೆ. ಒಂಬತ್ತೇ ಜಾಗ, ಅದರಲ್ಲಿ ಒಂದು ನನ್ನದು. ಬರುವವರು ತಾವು ತೆಗೆದ ಒಂದು ಚಿತ್ರವನ್ನು ತನ್ನಿ. ಕೆಂಪು ಗೆರೆ ಬಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನನ್ನ ಹೆಂಡತಿಯ ಹೊಸ ಚಿತ್ರವೊಂದನ್ನು ನಾನೂ ತರುತ್ತೇನೆ. ಈ ಸಲ ಅವಳು ನಗುತ್ತಿದ್ದಾಳೆ. ಬೆಳಕು ಮಾತ್ರ ಸ್ವಲ್ಪ ಕೆಟ್ಟಿದೆ.